ದಾಸವಾಳದಲ್ಲಿ ಕೊಂಬೆ ಹೆಚ್ಚಿಸಲು ಚಿವುಟಬೇಕಾ, ಬಾಗಿಸಬೇಕಾ, ಪೇಸ್ಟ್ ಹಚ್ಚಬೇಕಾ?

ಕೋಲಿನ ಹಾಗೆ ನೆಟ್ಟಗೆ ಮೇಲಕ್ಕೆ ಹೋಗಿ ತುದಿಯಲ್ಲಿ ಒಂದೋ ಎರಡೋ ಹೂ ಬಿಡುವ ದಾಸವಾಳ ನಿಮ್ಮ ಮನೆಯಲ್ಲೂ ಇರಬಹುದು. ಮತ್ತಿಕೆರೆಯ ನಮ್ಮ ತಾರಸಿಯಲ್ಲಿ ಅಂಥವು ಐದು ಇದ್ದವು. ಐದೂ ಒಂದೇ ತಾಯಿಗಿಡದಿಂದ ಕತ್ತರಿಸಿ ನೆಟ್ಟ ಕಡ್ಡಿಗಳು, ಒಂದೇ ಅಳತೆಯ ಕುಂಡ, ಒಂದೇ ಮಣ್ಣು. ಯುಗಾದಿ ಕಳೆದ ಮೇಲೆ ನಾಲ್ಕು ಗಿಡಕ್ಕೆ ನಾಲ್ಕು ಬೇರೆ ಬೇರೆ ಉಪಾಯ ಮಾಡಿದೆ, ಐದನೆಯದನ್ನು ಹಾಗೇ ಬಿಟ್ಟೆ. ಎರಡು ತಿಂಗಳಲ್ಲಿ ಆ ಐದನೇ ಗಿಡ ಇನ್ನೊಂದು ಅಡಿ ಎತ್ತರವಾಯಿತು, ಪಕ್ಕದ ಕೊಂಬೆ ಮಾತ್ರ ಒಂದೂ ಇಲ್ಲ.

ಯಾಕೆ ಹೀಗೆ? ಪ್ರತಿ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ ಒಂದು ಕಣ್ಣು ಇರುತ್ತದೆ. ಅದು ಕೊಂಬೆ ಆಗಬಲ್ಲದು. ಆದರೆ ತುದಿಯ ಕುಡಿ ಆಕ್ಸಿನ್ ಎಂಬ ಹಾರ್ಮೋನು ತಯಾರಿಸಿ ಕೆಳಕ್ಕೆ ಕಳಿಸುತ್ತಲೇ ಇರುತ್ತದೆ, ಅದು ಹರಿಯುತ್ತಿರುವಷ್ಟು ಕಾಲ ಕೆಳಗಿನ ಕಣ್ಣು ಮಲಗಿರುತ್ತದೆ. 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ಬೀನ್ಸ್ ಬಳಗದ ಗಿಡದ ಕುಡಿ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಇಟ್ಟು ನೋಡಿದರು. ಕುಡಿ ಇಲ್ಲದಿದ್ದರೂ ಕಣ್ಣುಗಳು ಏಳಲಿಲ್ಲ.

ಮೊದಲ ಗಿಡಕ್ಕೆ ಮಾಡಿದ್ದು ನಮ್ಮಜ್ಜಿ ತುಳಸಿಗೆ ಮಾಡುತ್ತಿದ್ದ ಕೆಲಸ, ಕುಡಿ ಚಿವುಟುವುದು. ಉಗುರಲ್ಲೇ ಆಯಿತು. ನಾಲ್ಕನೇ ದಿನ ತೊಟ್ಟಿನ ಮೂಲೆಯಲ್ಲಿ ರಾಗಿಕಾಳಿನಷ್ಟಿದ್ದ ಹಸಿರು ಚುಕ್ಕೆ, ಹತ್ತನೇ ದಿನಕ್ಕೆ ಹೆಸರುಕಾಳಿನಷ್ಟು ಉಬ್ಬಿ ತುದಿ ಬಿಚ್ಚಿಕೊಂಡಿತ್ತು, ಒಳಗೆ ಮಡಚಿಟ್ಟ ಪುಟ್ಟ ಎಲೆ ಕಾಣುತ್ತಿತ್ತು. ಮೂರು ಕೊಂಬೆ ಬಂದವು. ಮೂರೂ ಮೇಲಿನ ಕಣ್ಣುಗಳವೇ, ಕೆಳಗಿನವು ಎದ್ದೇ ಇಲ್ಲ. ಅದರಲ್ಲೂ ಎಲ್ಲಕ್ಕಿಂತ ಮೇಲಿನದು ಸ್ವಲ್ಪ ದಿನದಲ್ಲೇ ಹೊಸ ಯಜಮಾನನಾಗಿ ಉಳಿದೆರಡನ್ನು ಹಿಂದಕ್ಕೆ ತಳ್ಳಿತು, ಹಾಗಾಗಿ ಐದು ಎಲೆ ಬಂದ ಮೇಲೆ ಅದನ್ನೂ ಚಿವುಟಬೇಕಾಯಿತು. ಇನ್ನೊಂದು ನಷ್ಟ ಇದೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಚಿವುಟಿದರೆ ಮೊಗ್ಗೂ ಹೋಗುತ್ತದೆ. ಒಂದೂವರೆ ತಿಂಗಳು ದೇವರಿಗೆ ಹೂ ಬೇರೆ ಕಡೆಯಿಂದ ತರಬೇಕಾಯಿತು.

ಎರಡನೆಯದನ್ನು ಕತ್ತರಿಸಲೇ ಇಲ್ಲ, ಬಾಗಿಸಿದೆ. ಮೂರು ದಿನ ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಗೋಣಿದಾರದಲ್ಲಿ ಕುಂಡದ ಅಂಚಿಗೆ ಕಟ್ಟಿದೆ. ಮಲಗಿಸಿದಾಗ ತುದಿಯ ಓಟ ಕಡಿಮೆಯಾಗುತ್ತದೆ, ಕಾಂಡದ ಮೇಲುಮುಖದ ಕಣ್ಣುಗಳು ಏಳುತ್ತವೆ. ಎಲೆ ಒಂದೂ ಹೋಗಿಲ್ಲವಲ್ಲ, ಊಟಕ್ಕೆ ಕೊರತೆ ಇಲ್ಲ. ಮೂರು ವಾರ ಏನೂ ಆಗಲಿಲ್ಲ, ಬಿಚ್ಚಿಬಿಡೋಣ ಅನ್ನಿಸಿತ್ತು. ಆಮೇಲೆ ಬುಡದಿಂದ ತುದಿಯವರೆಗೆ ಏಳು ಚಿಗುರು, ಸಾಲಾಗಿ. ನನ್ನ ಕಣ್ಣಿಗೆ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು ಇದೇ ಗಿಡ. ಆದರೆ ಎರಡು ಕುಂಡದ ಜಾಗ ತಿನ್ನುತ್ತದೆ, ಬಾಲ್ಕನಿಯಲ್ಲಿ ಗಿಡ ಬೆಳೆಸುವವರಿಗೆ ಕಷ್ಟ.

ಮೂರನೆಯದಕ್ಕೆ ಕಚ್ಚು ಹಾಕಿದೆ. ಬೇಕಾದ ಕಣ್ಣಿನ ಸ್ವಲ್ಪ ಮೇಲೆ ಬ್ಲೇಡಿನಲ್ಲಿ ಸಿಪ್ಪೆ ದಾಟುವಷ್ಟು ಮಾತ್ರ ಗೀರುವುದು. ಮೇಲಿನಿಂದ ಬರುವ ಆಕ್ಸಿನ್ ಅಲ್ಲಿಗೇ ನಿಲ್ಲುತ್ತದೆ. ಎರಡು ಕಚ್ಚಿನಲ್ಲಿ ಒಂದು ಕೆಲಸ ಮಾಡಿತು. ಇನ್ನೊಂದು ಆಳವಾಗಿತ್ತು, ಮೇ ತಿಂಗಳ ಒಂದು ಸಂಜೆಯ ಗಾಳಿಮಳೆಗೆ ಗಿಡ ಅಲ್ಲೇ ಮುರಿಯಿತು. ಎಳೆ ಕಾಂಡಕ್ಕೆ ಇದು ಬೇಡ, ಹೆಬ್ಬೆರಳಿನಷ್ಟು ದಪ್ಪ ಆದ ಮೇಲೆ ಮಾಡಿ.

ನಾಲ್ಕನೆಯದು ಪೇಸ್ಟ್. ಆರ್ಕಿಡ್ ಬೆಳೆಸುವವರು ಬಳಸುವ ಕೇಕಿ ಪೇಸ್ಟ್, ಆನ್‌ಲೈನ್‌ನಲ್ಲಿ ತರಿಸಿದೆ. ಇದರಲ್ಲಿರುವುದು ಸೈಟೋಕೈನಿನ್ ಎಂಬ ಗುಂಪಿನ ಹಾರ್ಮೋನು. ಆಕ್ಸಿನ್ ಕಣ್ಣನ್ನು ಮಲಗಿಸಿದರೆ ಸೈಟೋಕೈನಿನ್ ಎಬ್ಬಿಸುತ್ತದೆ. ಈ ಗುಂಪಿನ ಮೊದಲ ಹಾರ್ಮೋನು ಕೈನೆಟಿನ್ 1955ರಲ್ಲಿ ಸಿಕ್ಕಿದ್ದು ಅದೇ ಸ್ಕೂಗ್ ಅವರ ಪ್ರಯೋಗಾಲಯದಲ್ಲಿ! ಕುಡಿ ಹಾಗೇ ಇದ್ದರೂ ಹಚ್ಚಿದ ಕಣ್ಣು ಒಂದೇ ವಾರದಲ್ಲಿ ಎದ್ದಿತು. ಯಾವ ಕಣ್ಣು ಬೇಕೋ ಅದನ್ನೇ ಎಬ್ಬಿಸಬಹುದು, ಬೇರೆ ಯಾವ ಉಪಾಯದಲ್ಲೂ ಇಷ್ಟು ಹಿಡಿತ ಸಿಗಲಿಲ್ಲ. ಆದರೆ ಇನ್ನೊಂದು ಕಣ್ಣಿಗೆ ಜಾಸ್ತಿ ಹಚ್ಚಿಬಿಟ್ಟಿದ್ದೆ. ಅಲ್ಲಿ ಹೂಕೋಸಿನ ಹಾಗೆ ಒತ್ತೊತ್ತಾಗಿ ಚಿಗುರು ಎದ್ದು, ಒಂದೂ ಉದ್ದ ಬೆಳೆಯದೆ ನಿಂತವು. ಬೆಂಕಿಕಡ್ಡಿಯ ತುದಿಗೆ ಅಂಟುವಷ್ಟು ಸಾಕು.

ದಿನಾ ನೋಡುವ ದಾಸವಾಳಕ್ಕೆ ನಾನು ಚಿವುಟುವುದನ್ನೇ ಆರಿಸುತ್ತೇನೆ, ಜಾಗ ಇದ್ದರೆ ಬಾಗಿಸುವುದು. ಒಂದು ಪಕ್ಕ ಬೋಳಾದ ಗಿಡಕ್ಕೆ ಪೇಸ್ಟ್.

ಆದರೆ ಇದೆಲ್ಲದಕ್ಕಿಂತ ಮುಖ್ಯವಾದ ಪಾಠ ಕಲಿಸಿದ್ದು ಕೆಳಗೆ ಕಾಂಪೌಂಡ್‌ನಲ್ಲಿ ಕುಂಡದಲ್ಲಿದ್ದ ಆರನೇ ಗಿಡ. ನಮ್ಮದು 30×40 ಸೈಟು, ಪಕ್ಕದ ಮನೆ ಎದ್ದ ಮೇಲೆ ಅಲ್ಲಿಗೆ ಬಿಸಿಲು ಬೀಳುವುದು ಅರ್ಧ ಗಂಟೆ. ಅದರ ಕುಡಿಯನ್ನೂ ಅದೇ ದಿನ ಚಿವುಟಿದ್ದೆ, ಒಂದು ಕಣ್ಣೂ ಏಳಲಿಲ್ಲ. ಆಕ್ಸಿನ್ ಹೋದರೆ ಸಾಕು ಅಂದುಕೊಂಡಿದ್ದೆ, ಅದು ಅರ್ಧ ಸತ್ಯ. ಬಟಾಣಿ ಗಿಡದ ಮೇಲೆ 2014ರಲ್ಲಿ ಬಂದ ಒಂದು ಸಂಶೋಧನೆ ಹೇಳುವುದು ಇದನ್ನೇ: ಆಕ್ಸಿನ್ ಕಾಂಡದಲ್ಲಿ ಗಂಟೆಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ, ಆದರೆ ಕುಡಿ ಕತ್ತರಿಸಿದಾಗ ದೂರದ ಕಣ್ಣುಗಳು ಅಲ್ಲಿ ಆಕ್ಸಿನ್ ಕಡಿಮೆಯಾಗುವ ಮೊದಲೇ ಬೆಳೆಯಲು ಶುರು ಮಾಡುತ್ತವೆ. ಕುಡಿ ತಿನ್ನುತ್ತಿದ್ದ ಸಕ್ಕರೆ ಆಗ ಕಣ್ಣಿಗೆ ಸಿಗುತ್ತದೆ, ಅದೇ ಮೊದಲ ಸೂಚನೆ. ನೆರಳಿನ ಗಿಡದಲ್ಲಿ ಹಂಚಲು ಸಕ್ಕರೆಯೇ ಇಲ್ಲ ಅಲ್ವಾ? ಮಣ್ಣಲ್ಲಿ ರಂಜಕ ಕಡಿಮೆ ಇದ್ದರೂ ಕಷ್ಟವೇ, ಆಗ ಬೇರು ಸ್ಟ್ರೈಗೋಲ್ಯಾಕ್ಟೋನ್ ಜಾಸ್ತಿ ಮಾಡುತ್ತದೆ. ಅದು ಕೊಂಬೆ ತಡೆಯುವ ಹಾರ್ಮೋನು ಅಂತ ಗೊತ್ತಾದದ್ದು 2008ರಲ್ಲಿ.

ಹಾಗಾಗಿ ಆ ಗಿಡಕ್ಕೆ ಪೇಸ್ಟೂ ಹಚ್ಚಲಿಲ್ಲ, ಬ್ಲೇಡೂ ಮುಟ್ಟಿಸಲಿಲ್ಲ. ಮಗನೂ ನಾನೂ ಸೇರಿ ಕುಂಡವನ್ನು ತಾರಸಿಗೆ ಹೊತ್ತೆವು, ರಂಜಕಕ್ಕೆ ಅಂತ ಒಂದು ಹಿಡಿ ಮೂಳೆಪುಡಿ ಹಾಕಿ ನೀರು ಕೊಟ್ಟೆ. ಮೂರನೇ ವಾರಕ್ಕೆ ಹಳೆಯ ಚಿವುಟಿನ ಕೆಳಗೆ ಎರಡು ಕಣ್ಣು ಉಬ್ಬಿವೆ.