ಫೈರ್‌ಮನ್ ಕಥೆಯೋ ಪದಪಟ್ಟಿಯೋ: ತುಮಕೂರಿನಲ್ಲಿ ಇಂಗ್ಲಿಷ್ ಪದ ಕಲಿಯಲು ನಾವು ನೋಡಿದ ದಾರಿಗಳು

ತುಮಕೂರಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವ ಯಾರನ್ನು ಕೇಳಿದರೂ ಒಂದೇ ಮಾತು. ಗ್ರಾಮರ್ ಹೇಗೋ ಆಗುತ್ತೆ, ವೊಕ್ಯಾಬುಲರಿನೇ ಕಷ್ಟ. ನಮ್ಮಲ್ಲಿ ಬಹಳ ಜನ ಗುಬ್ಬಿ, ಶಿರಾ, ಮಧುಗಿರಿ, ಕುಣಿಗಲ್ ಕಡೆಯವರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪಿಯುಸಿಗೆ ಬಂದ ಕೂಡಲೇ ಪಾಠ ಎಲ್ಲಾ ಇಂಗ್ಲಿಷ್. ಪಾಠದ ಪದಗಳನ್ನು ಹೇಗೋ ಹಿಡಿದುಕೊಳ್ಳುತ್ತೇವೆ. ಆದರೆ ಇಂಗ್ಲಿಷ್ ಪೇಪರ್‌ನ ಸಂಪಾದಕೀಯ ತೆಗೆದರೆ ಸಾಲಿಗೊಂದು ಗೊತ್ತಿಲ್ಲದ ಪದ. ಎರಡು ಪ್ಯಾರಾ ಮುಗಿಯುವಷ್ಟರಲ್ಲಿ ಓದುವ ಮನಸ್ಸೇ ಹೋಗಿರುತ್ತದೆ.

ಇದಕ್ಕೆ ಜನ ಹೇಳುವ ದಾರಿಗಳನ್ನು ನಾನೂ ನನ್ನ ರೂಮ್‌ಮೇಟೂ ಒಂದೊಂದಾಗಿ ಹಿಡಿದು ನೋಡಿದೆವು. ಪದಪಟ್ಟಿ ಬಾಯಿಪಾಠ, ಫೋನಿನಲ್ಲಿ ಫ್ಲ್ಯಾಶ್‌ಕಾರ್ಡ್, ಸಂಪಾದಕೀಯ ಓದು, ಮತ್ತೆ ಒಬ್ಬ ಅಗ್ನಿಶಾಮಕನ ಜೀವನಕಥೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಮಾಧ್ಯಮದಿಂದ ಬಂದವರು ಕಥೆಯಿಂದಲೇ ಶುರು ಮಾಡಬೇಕು. ಆದರೆ ಎಲ್ಲಾ ಕಥೆಯೂ ಒಂದೇ ಅಲ್ಲ. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಪದಪಟ್ಟಿ

ಪಟ್ಟಿಯ ಪುಸ್ತಕ ಅಗ್ಗ. ಹಳೆಯದು ಇನ್ನೂ ಅಗ್ಗ. ದಿನಕ್ಕೆ ಇಷ್ಟು ಪದ ಅಂತ ಟಿಕ್ ಹಾಕುತ್ತಾ ಹೋದರೆ ಕೆಲಸ ಆಗುತ್ತಿದೆ ಅಂತ ಸಮಾಧಾನ ಕೂಡ ಸಿಗುತ್ತದೆ.

ತೊಂದರೆ ಇರುವುದು ಅದರ ಜೋಡಣೆಯಲ್ಲಿ. ಅಕ್ಷರದ ಪ್ರಕಾರ ಜೋಡಿಸಿದ ಪಟ್ಟಿಯಲ್ಲಿ ‘ಅಬೇಟ್’ ಮತ್ತು ‘ಅಬೆಟ್’ ಹತ್ತಿರ ಹತ್ತಿರ ಬರುತ್ತವೆ. ಒಂದು ತಗ್ಗು ಅಂತ, ಇನ್ನೊಂದು ಕುಮ್ಮಕ್ಕು ಕೊಡು ಅಂತ. ವಾರ ಕಳೆದ ಮೇಲೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಅರ್ಥದ ಪ್ರಕಾರ ಜೋಡಿಸಿದ ಪಟ್ಟಿ ಇನ್ನೂ ಕಷ್ಟ. ಧೈರ್ಯಶಾಲಿ ಅನ್ನುವುದಕ್ಕೆ ಇಂಟ್ರೆಪಿಡ್, ವೇಲಿಯಂಟ್, ಡಾಂಟ್‌ಲೆಸ್, ಅನ್‌ಡಾಂಟೆಡ್ ಎಲ್ಲಾ ಒಂದೇ ಪುಟದಲ್ಲಿ. ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕಲಿತರೆ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ ಅಂತ 1990ರ ದಶಕದಲ್ಲೇ ಭಾಷಾ ಸಂಶೋಧಕರು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಆದರೂ ಪಟ್ಟಿಗಳು ಹಾಗೇ ಅಚ್ಚಾಗುತ್ತಿವೆ.

ಇನ್ನೊಂದು ವಿಷಯ. ಇಂಥ ಪಟ್ಟಿಗಳಲ್ಲಿ ಬಹಳಷ್ಟು, ವಿದೇಶದಲ್ಲಿ ಹೆಚ್ಚಿನ ಓದಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಯ ಹಳೇ ಕಾಲದವು. ಆ ಪರೀಕ್ಷೆಯಲ್ಲೇ 2011ರ ಆಗಸ್ಟ್‌ನಿಂದ ವಿರುದ್ಧಪದದ ಪ್ರಶ್ನೆ, ಪದಸಂಬಂಧದ ಪ್ರಶ್ನೆ ತೆಗೆದುಹಾಕಿದರು. ಈಗ ಪದವನ್ನು ವಾಕ್ಯದೊಳಗೆ ಇಟ್ಟೇ ಕೇಳುತ್ತಾರೆ. ನಮ್ಮ ಬ್ಯಾಂಕ್ ಪರೀಕ್ಷೆಯೂ ಜಾಸ್ತಿ ಅದೇ ಥರ. ಐಬಿಪಿಎಸ್ ಸಂಸ್ಥೆ ನಡೆಸುವ ಪಿಒ (ಪ್ರೊಬೇಷನರಿ ಆಫೀಸರ್) ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್‌ಗೆ 20 ನಿಮಿಷ, 30 ಪ್ರಶ್ನೆ. ಪ್ಯಾಸೇಜ್, ಕ್ಲೋಜ್ ಟೆಸ್ಟ್ (ಪ್ಯಾರಾದ ನಡುನಡುವೆ ಬಿಟ್ಟ ಪದ ತುಂಬುವುದು), ಖಾಲಿ ಜಾಗ ತುಂಬುವುದು. ಒಂಟಿ ಪದದ ಅರ್ಥ ಬಾಯಿಪಾಠ ಮಾಡಿದವರಿಗೆ ಅಲ್ಲಿ ಹೆಚ್ಚು ಸಹಾಯ ಸಿಗುವುದಿಲ್ಲ.

ಫ್ಲ್ಯಾಶ್‌ಕಾರ್ಡ್ ಆ್ಯಪ್

ಇದರ ಹಿಂದಿನ ಲೆಕ್ಕ ಗಟ್ಟಿ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಅಂತ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಬರೆದಿಟ್ಟ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ನೋಡಿದರೆ ನೆನಪು ಉಳಿಯುತ್ತದೆ ಅನ್ನುವುದೇ ಇದರ ಗುಟ್ಟು. 2006ರಲ್ಲಿ ಬಂದ ಆಂಕಿ ಆ್ಯಪ್ ಈ ಲೆಕ್ಕ ತಾನೇ ಹಾಕಿ ಕಾರ್ಡ್ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಪುಕ್ಕಟೆ. ಬೆಂಗಳೂರು ಟ್ರೇನಿನಲ್ಲಿ ಸೀಟ್ ಸಿಗದೆ ನಿಂತಿದ್ದರೂ ಒಂದು ಕೈಯಲ್ಲಿ ಆಗುವ ಓದು ಇದು.

ಆದರೆ ಯಾರೋ ಮಾಡಿಟ್ಟ ಕಾರ್ಡ್‌ಗಳನ್ನು ಇಳಿಸಿಕೊಂಡರೆ ಅದು ಪದಪಟ್ಟಿಯೇ, ಫೋನಿಗೆ ಬಂದಿದೆ ಅಷ್ಟೇ. ‘ಹ್ಯಾರೋಯಿಂಗ್’ ಅಂದರೆ ತುಂಬಾ ಸಂಕಟ ಕೊಡುವಂಥದ್ದು ಅಂತ ಕಾರ್ಡ್ ಹೇಳುತ್ತದೆ. ಸರಿ. ಹ್ಯಾರೋಯಿಂಗ್ ಆಗುವುದು ಅನುಭವವೋ, ಮನುಷ್ಯನೋ, ಹಲ್ಲುನೋವೋ? ಕಾರ್ಡಿನಲ್ಲಿ ಅದಿಲ್ಲ. ಖಾಲಿ ಜಾಗ ತುಂಬುವ ಪ್ರಶ್ನೆಯಲ್ಲಿ ಕೇಳುವುದೇ ಅದನ್ನು.

ರೆಡಿಮೇಡ್ ಫೈರ್‌ಮನ್ ಕಥೆ

‘ಕಥೆಯ ಮೂಲಕ ಅಡ್ವಾನ್ಸ್ಡ್ ಇಂಗ್ಲಿಷ್’ ಅಂತ ಆಡಿಯೋ, ವಿಡಿಯೋ ಈಗ ಬೇಕಾದಷ್ಟು ಸಿಗುತ್ತವೆ. ನಾವು ಹಿಡಿದದ್ದು ಅಮೆರಿಕದ ಒಬ್ಬ ಫೈರ್‌ಫೈಟರ್‌ನ ಜೀವನಕಥೆ. ಹುಡುಗನಾಗಿದ್ದಾಗ ನೋಡಿದ ಬೆಂಕಿ, ತರಬೇತಿ, ಮೊದಲ ಕರೆ, ಜೊತೆಗಾರನನ್ನು ಕಳೆದುಕೊಂಡದ್ದು, ನಿವೃತ್ತಿ. ಒಬ್ಬ ಮನುಷ್ಯನ ಹಿಂದೆ ಹೋಗುವುದರಿಂದ ಮುಂದೇನು ಅನ್ನುವ ಕುತೂಹಲ ಇರುತ್ತದೆ. ಪಟ್ಟಿಯಲ್ಲಿ ಅದು ಎಲ್ಲಿಂದ ಬರಬೇಕು?

ಇದರಿಂದ ಸಿಕ್ಕಿದ ದೊಡ್ಡ ಲಾಭ ಉಚ್ಚಾರಣೆ. ಕುಸಿದ ಕಟ್ಟಡದ ಅವಶೇಷಕ್ಕೆ ನಮ್ಮ ಕಡೆ ಎಲ್ಲರೂ ‘ಡೆಬ್ರಿಸ್’ ಅನ್ನುತ್ತಾರೆ. ಕೇಳಿದಾಗ ಅದು ‘ಡೆಬ್ರೀ’. ಕೂದಲು ಮೇಲ್ಮೇಲೆ ಸ್ವಲ್ಪ ಸುಡುವುದು ‘ಸಿಂಜ್’, ಹಾಡುವ ‘ಸಿಂಗ್’ ಅಲ್ಲ. ಅಲ್ಲಿಯ ಹೊಸ ಫೈರ್‌ಫೈಟರ್ ಸ್ವಲ್ಪ ಕಾಲ ‘ಪ್ರೊಬೇಷನರಿ’ ಆಗಿರುತ್ತಾನೆ. ನಾವು ದಿನವೂ ಜಪಿಸುವ ಪಿಒದಲ್ಲಿರುವುದೂ ಅದೇ ಪದ. ಇಂಥದ್ದು ಒಮ್ಮೆ ಕೂತರೆ ಹೋಗುವುದಿಲ್ಲ.

ಆದರೆ ಇದನ್ನು ಮೂರು ಭಾಗ ಮುಗಿಯುವುದರೊಳಗೆ ಬಿಟ್ಟೆವು. ಕಾರಣ, ಪದಗಳ ಹೊರೆ. ಆತ ಬೆಳಗ್ಗೆ ಎದ್ದರೂ ಕಠಿಣ ಪದ, ಕಾಫಿ ಕುಡಿದರೂ ಕಠಿಣ ಪದ. ಒಂದೇ ವಾಕ್ಯದಲ್ಲಿ ಆತ ‘ಇಂಡೊಮಿಟಬಲ್’, ಆತನ ಗೆಳೆಯರು ‘ಸ್ಟಾಲ್‌ವರ್ಟ್’, ಅವರ ನಡುವೆ ‘ಕ್ಯಾಮರಾಡರಿ’. ಯಾವ ಫೈರ್‌ಫೈಟರೂ ಹೀಗೆ ಮಾತಾಡುವುದಿಲ್ಲ ಅಲ್ವಾ? ಕಥೆ ಇರುವುದು ಪದಗಳನ್ನು ನೇತುಹಾಕುವುದಕ್ಕೆ ಅಂತ ಕಿವಿಗೇ ಗೊತ್ತಾಗುತ್ತದೆ. ಓದಿದ್ದು ಸರಾಗವಾಗಿ ಅರ್ಥವಾಗಬೇಕಾದರೆ ನೂರಕ್ಕೆ ಸುಮಾರು 98 ಪದ ಮೊದಲೇ ಗೊತ್ತಿರಬೇಕು ಅಂತ ಪದಕಲಿಕೆಯ ಸಂಶೋಧನೆಯಲ್ಲಿ ದೊಡ್ಡ ಹೆಸರಾದ ಪಾಲ್ ನೇಷನ್ ಹೇಳುತ್ತಾರೆ. ಅಂದರೆ 50 ಪದಕ್ಕೆ ಒಂದು ಹೊಸದು. ರೆಡಿಮೇಡ್ ಕಥೆಯಲ್ಲಿ ಹತ್ತಕ್ಕೆ ಎರಡು ಮೂರು ಹೊಸವು. ಅಷ್ಟು ಒಟ್ಟಿಗೆ ಬಂದರೆ ಕಥೆಯೂ ಉಳಿಯುವುದಿಲ್ಲ, ಪದವೂ ಉಳಿಯುವುದಿಲ್ಲ.

ಅದೂ ಅಲ್ಲದೆ ಆ ಲೋಕವೇ ಬೇರೆ. ಅಲ್ಲಿ ನಗರದ ರಸ್ತೆಬದಿಯಲ್ಲೇ ನೀರಿನ ಹೈಡ್ರಂಟ್. ಮರದ ಮನೆಗಳು. ಅಗ್ನಿಶಾಮಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ವಾಲಂಟಿಯರ್‌ಗಳು. ತಿಳಿದುಕೊಳ್ಳಬೇಕಾದ ವಿಷಯಗಳೇ ಇವು, ಆದರೆ ಪದದ ಜೊತೆಗೆ ಚಿತ್ರವನ್ನೂ ಕಲ್ಪಿಸಿಕೊಳ್ಳಬೇಕು ಅಂದರೆ ಕೆಲಸ ಎರಡಾಗುತ್ತದೆ.

ನಮ್ಮ ಬೀದಿಯ ಕಥೆ

ನಾವು ಇರುವ ಬೀದಿಯಲ್ಲಿ ಅಗ್ನಿಶಾಮಕ ಇಲಾಖೆಯಿಂದ ನಿವೃತ್ತರಾದ ಒಬ್ಬರಿದ್ದಾರೆ. ಸಂಜೆ ಜಗುಲಿಯಲ್ಲಿ ಕೂತಿರುತ್ತಾರೆ. ಅವರ ಕಥೆಯನ್ನು ಕನ್ನಡದಲ್ಲಿ ಕೇಳಿ, ನಾವೇ ಇಂಗ್ಲಿಷ್‌ನಲ್ಲಿ ಬರೆದರೆ ಹೇಗೆ ಅಂತ ಐಡಿಯಾ ಬಂದದ್ದು ನನ್ನ ರೂಮ್‌ಮೇಟ್‌ಗೆ. ಎಲ್ಲಾ ದಾರಿಗಳಲ್ಲಿ ನಮಗೆ ನಿಜವಾಗಿ ಕೈ ಹಿಡಿದದ್ದು ಇದೇ.

ಉದಾಹರಣೆಗೆ ಹುಲ್ಲಿನ ಬಣವೆಯ ಬೆಂಕಿ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಇಂಥ ಕರೆ ಸಾಮಾನ್ಯ. ನೀರು ಹೊಡೆದ ಕೂಡಲೇ ಮೇಲಿನ ಜ್ವಾಲೆ ಆರುತ್ತದೆ. ನೋಡುವವರಿಗೆ ಬೆಂಕಿ ನಿಂತಿತು ಅನಿಸುತ್ತದೆ. ಆದರೆ ಒತ್ತಿ ಕಟ್ಟಿದ ಹುಲ್ಲಿನೊಳಗೆ ನೀರು ಇಳಿಯುವುದಿಲ್ಲ. ಒಳಗೆ ಗಾಳಿ ಕಡಿಮೆ, ಹಾಗಾಗಿ ಜ್ವಾಲೆ ಇಲ್ಲ, ಆದರೂ ಸುಡುತ್ತಲೇ ಇರುತ್ತದೆ. ಕೊಕ್ಕೆ ಹಾಕಿ ಬಣವೆಯನ್ನು ಪದರ ಪದರವಾಗಿ ಎಳೆದು ಹರಡಿ, ಒಂದೊಂದು ಕಂತೆಯನ್ನೂ ನೆನೆಸಬೇಕು. ಅದನ್ನು ಬಿಟ್ಟು ಬಂದರೆ ರಾತ್ರಿ ಮತ್ತೆ ಅದೇ ಊರಿನಿಂದ ಫೋನ್. ಅವರು ಇದನ್ನು ಹೇಳುವಾಗ ಕೈಯಲ್ಲಿ ಕೊಕ್ಕೆ ಇದ್ದಂತೆಯೇ ಎಳೆದು ತೋರಿಸಿದರು. ಹತ್ತಿರ ಹೋದರೆ ಹೊಗೆಯೇ ಕಾಣದಿದ್ದರೂ ಮುಖಕ್ಕೆ ಶಾಖ ಹೊಡೆಯುತ್ತಿತ್ತಂತೆ.

ಇದನ್ನು ಬರೆಯಲು ಕೂತಾಗ ನಮಗೆ ‘ಸ್ಮೋಲ್ಡರ್’ ಬೇಕಾಯಿತು. ಬೇಕಾಗಿ ಹುಡುಕಿದ ಪದ ಅದು. ನಿಘಂಟಿನಲ್ಲಿ ಸಿಕ್ಕಾಗ ಇದೇ, ಇದೇ ಅಂತ ಖುಷಿಯಾಯಿತು. ಎರಡನೇ ಸಲ ಹೊತ್ತಿಕೊಳ್ಳುವುದಕ್ಕೆ ‘ರೀಕಿಂಡಲ್’. ನೀರು ಸುರಿದು ಆರಿಸುವುದಕ್ಕೆ ‘ಡೌಸ್’. ಗಾಡಿಯ ನೀರು ಖಾಲಿಯಾಗುವುದಕ್ಕೆ ‘ಡಿಪ್ಲೀಟ್’, ಮತ್ತೆ ತುಂಬಿಸಿಕೊಳ್ಳುವುದಕ್ಕೆ ‘ರೀಪ್ಲೆನಿಶ್’. ಸಾಮಾನ್ಯ ವಾಟರ್ ಟೆಂಡರ್‌ನಲ್ಲಿ 4,500 ಲೀಟರ್ ಹಿಡಿಯುತ್ತದೆ. ನಿಮಿಷಕ್ಕೆ 450 ಲೀಟರ್ ಬಿಟ್ಟರೆ 10 ನಿಮಿಷಕ್ಕೆ ಮುಗಿಯಿತು. ಬತ್ತಿದ ಕೆರೆಗಳ ಸೀಮೆಯಲ್ಲಿ ಡಿಪ್ಲೀಟ್ ಅನ್ನುವ ಪದಕ್ಕೆ ಎಷ್ಟು ತೂಕ ಇದೆ ಅಂತ ಅವರ ಮಾತಿನಲ್ಲಿ ಗೊತ್ತಾಗುತ್ತಿತ್ತು.

ಬಾವಿಯ ಕಥೆಗಳು ಇನ್ನೂ ಗಟ್ಟಿ. ಬೆಂಕಿಯಷ್ಟೇ ಅಲ್ಲ, ಬಾವಿಗೆ ಬಿದ್ದ ದನವನ್ನೂ ಮನುಷ್ಯರನ್ನೂ ಎತ್ತುವುದು ಇವರ ಕೆಲಸವೇ. ಬಳಸದೆ ಬಿಟ್ಟ ಹಾಳುಬಾವಿಯ ತಳದಲ್ಲಿ ಆಕ್ಸಿಜನ್ ಕಡಿಮೆ ಇರಬಹುದು. ಒಬ್ಬ ಒಳಗೆ ಕುಸಿದ ಅಂತ ಅಣ್ಣನೋ ತಮ್ಮನೋ ಹಿಂದೆಮುಂದೆ ನೋಡದೆ ಇಳಿಯುತ್ತಾರೆ, ಅವರೂ ಏಳುವುದಿಲ್ಲ. ಅದಕ್ಕೇ ಉಸಿರಾಟದ ಸಲಕರಣೆ ಹಾಕಿಕೊಳ್ಳದೆ ಯಾರೂ ಇಳಿಯಬಾರದು ಅಂತ ಅವರು ಇವತ್ತಿಗೂ ಬೀದಿಯ ಹುಡುಗರಿಗೆ ಹೇಳುತ್ತಾರೆ. ಉಸಿರುಗಟ್ಟುವುದು ‘ಆಸ್ಫಿಕ್ಸಿಯೇಟ್’, ಯೋಚಿಸದೆ ಮುನ್ನುಗ್ಗುವುದು ‘ಇಂಪಲ್ಸಿವ್’, ಎಚ್ಚರಿಕೆಗೆ ಕಿವಿಗೊಡುವುದು ‘ಹೀಡ್’. ಹ್ಯಾರೋಯಿಂಗ್ ಯಾವುದಕ್ಕೆ ಹೊಂದುತ್ತದೆ ಅನ್ನುವ ಪ್ರಶ್ನೆ ಆಮೇಲೆ ಏಳಲೇ ಇಲ್ಲ.

ಏಪ್ರಿಲ್ 14ರ ಕಥೆಯನ್ನೂ ಅವರೇ ಹೇಳಿದರು. 1944ರ ಆ ದಿನ ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿಯ ಬೇಲ್‌ಗಳು, ಜೊತೆಗೆ ಸ್ಫೋಟಕಗಳು. ಬೆಂಕಿ ಆರಿಸುತ್ತಿದ್ದಾಗಲೇ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೇ ಪ್ರತಿವರ್ಷ ಆ ದಿನ ಅಗ್ನಿಶಾಮಕ ಸೇವಾ ದಿನ ಮಾಡುತ್ತಾರೆ. ‘ಪೆರಿಶ್’, ‘ಕಮೆಮೊರೇಟ್’ ಎರಡೂ ಈ ಒಂದೇ ಪ್ಯಾರಾದಿಂದ ಬಂದವು.

ಇದಕ್ಕೂ ಮಿತಿ ಇದೆ. ನಾವು ಬರೆದ ವಾಕ್ಯ ಸರಿಯೋ ತಪ್ಪೋ ನೋಡಲು ಇಂಗ್ಲಿಷ್ ಚೆನ್ನಾಗಿ ಬಲ್ಲವರು ಬೇಕು. ನಮಗೆ ಕಾಲೇಜಿನ ಹಳೇ ಲೆಕ್ಚರರ್ ಒಬ್ಬರು ಸಿಕ್ಕಿದರು. ಹಾಗೆ ಯಾರೂ ಇಲ್ಲದವರು ಪದದ ಜೊತೆ ಉದಾಹರಣೆ ವಾಕ್ಯ ಕೊಡುವ ಲರ್ನರ್ಸ್ ಡಿಕ್ಷನರಿಯನ್ನು ಬಿಡದೆ ಬಳಸಬೇಕು. ಸಮಯವೂ ಜಾಸ್ತಿ ಹಿಡಿಯುತ್ತದೆ. ಪಟ್ಟಿಯಲ್ಲಿ ಒಂದು ಪುಟ ಮುಗಿಸುವಷ್ಟು ಹೊತ್ತಿಗೆ ಇಲ್ಲಿ ನಾಲ್ಕೈದು ಪದ.

ಸಂಪಾದಕೀಯ

ಸಂಪಾದಕೀಯವನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಇದೆ. ಕಥೆ ಬರೆದ ಮೇಲೆ ಅದೇ ಪೇಪರ್ ಓದಿದಾಗ ಅಲ್ಲಿ ಇದ್ದದ್ದೆಲ್ಲಾ ಬೆಂಕಿಯ ಪದಗಳು! ಜನರ ಅಸಮಾಧಾನ ಸ್ಮೋಲ್ಡರ್ ಆಗುತ್ತಿದೆ. ಸರ್ಕಾರ ವದಂತಿಗಳನ್ನು ‘ಕ್ವೆಲ್’ ಮಾಡಬೇಕು, ಅಂದರೆ ಅಡಗಿಸಬೇಕು. ನಾಯಕನ ಭಾಷಣ ‘ಇನ್ಸೆಂಡಿಯರಿ’, ಬೆಂಕಿ ಹಚ್ಚುವಂಥದ್ದು. ಗಡಿ ‘ಫ್ಲ್ಯಾಶ್‌ಪಾಯಿಂಟ್’ ಆಗಿದೆ, ಯಾವಾಗ ಬೇಕಾದರೂ ಹೊತ್ತಿಕೊಳ್ಳುವ ಜಾಗ. ದ್ವೇಷವನ್ನು ‘ಸ್ಟೋಕ್’ ಮಾಡುತ್ತಿದ್ದಾರೆ, ಕೆದಕಿ ಉರಿಸುತ್ತಿದ್ದಾರೆ. ಬಣವೆಯ ಒಳಗಿನ ಸುಡುವಿಕೆ ಗೊತ್ತಿದ್ದವರಿಗೆ ಮನಸ್ಸಿನೊಳಗಿನ ಸಿಟ್ಟು ತಾನಾಗೇ ಅರ್ಥವಾಗುತ್ತದೆ. ನಮ್ಮ ಕನ್ನಡ ಪೇಪರ್‌ಗಳೂ ಗಲಭೆಯಾದ ಊರಿನ ಬಗ್ಗೆ ಪರಿಸ್ಥಿತಿ ಬೂದಿ ಮುಚ್ಚಿದ ಕೆಂಡ ಅಂತಲೇ ಬರೆಯುತ್ತವೆ. ಸಾಲ ತೀರಿ ಹೋಗುವುದಕ್ಕೂ ಬೆಂಕಿ ಆರಿಸುವುದಕ್ಕೆ ಇರುವ ಪದವನ್ನೇ ಹಣಕಾಸಿನ ಇಂಗ್ಲಿಷ್‌ನಲ್ಲಿ ‘ಎಕ್ಸ್‌ಟಿಂಗ್ವಿಶ್’ ಬಳಸುತ್ತಾರೆ. ಬ್ಯಾಂಕಿಗೆ ಹೋಗುವವರಿಗೆ ಅದು ಬೇಕಾದ್ದೇ.

ಅಗ್ನಿಶಾಮಕನ ಕಥೆಯೇ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇದು. ಅಪಾಯ, ಭಯ, ಧೈರ್ಯ, ದುಃಖದ ಪದಗಳು ಒಬ್ಬನ ಬದುಕಿನಲ್ಲೇ ಸಿಗುತ್ತವೆ. ಅವುಗಳಲ್ಲಿ ಅರ್ಧದಷ್ಟು ರಾಜಕೀಯದ ಬರಹಕ್ಕೂ ಹಾಗೇ ಹೋಗುತ್ತವೆ.

ಆದರೆ ಎಲ್ಲಾ ಪದ ಇಲ್ಲಿ ಸಿಗುವುದಿಲ್ಲ. ಏವರಿಲ್ ಕಾಕ್ಸ್‌ಹೆಡ್ ಅನ್ನುವವರು 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ 570 ಪದಕುಟುಂಬಗಳಿವೆ, ಅಂದರೆ ಒಂದೇ ಮೂಲದ ಪದಗಳ ಗುಂಪುಗಳು. ಅಲೊಕೇಟ್, ಸಬ್ಸೀಕ್ವೆಂಟ್, ಹೈಪೋಥಿಸಿಸ್ ಥರದವು. ಬೆಂಕಿಯ ಕಥೆಯಲ್ಲಿ ಇವು ಬರುವುದು ಅಪರೂಪ. ಪಟ್ಟಿಗಳಲ್ಲಿ ಕಾಸಿಗೆ ಮೋಸವಿಲ್ಲದ್ದು ಅಂದರೆ ನನ್ನ ಪ್ರಕಾರ ಇದೊಂದೇ. ಯಾಕೆಂದರೆ ನಿಜವಾದ ಅಕಾಡೆಮಿಕ್ ಬರಹಗಳಲ್ಲಿ ಪದೇ ಪದೇ ಬಂದ ಪದಗಳನ್ನು ಲೆಕ್ಕ ಹಾಕಿ ಮಾಡಿದ್ದು ಇದು.

ಹಾಗಾದರೆ ಯಾವುದು? ಪರೀಕ್ಷೆಗೆ ಒಂದೇ ತಿಂಗಳು ಇದ್ದರೆ ಪಟ್ಟಿ, ಹಳೇ ಪ್ರಶ್ನೆಪತ್ರಿಕೆ, ಅಷ್ಟೇ. ಬೇರೆ ಏನಕ್ಕೂ ಪುರುಸೊತ್ತು ಇರುವುದಿಲ್ಲ. ಆರು ತಿಂಗಳೋ ವರ್ಷವೋ ಇದ್ದರೆ ಗೊತ್ತಿರುವ ಒಬ್ಬರ ಕಥೆ ಹಿಡಿಯಿರಿ. ಸಿಕ್ಕಿದ ಪದವನ್ನು ನೀವೇ ಬರೆದ ವಾಕ್ಯದ ಸಮೇತ ಫ್ಲ್ಯಾಶ್‌ಕಾರ್ಡ್‌ಗೆ ಹಾಕಿ. ಆಂಕಿ ತನ್ನ ನಿಜವಾದ ಕೆಲಸ ಮಾಡುವುದು ಆಗಲೇ. ಸಂಪಾದಕೀಯವನ್ನು ಎರಡನೇ ತಿಂಗಳಿಂದ ಶುರು ಮಾಡಿ. ರೆಡಿಮೇಡ್ ಆಡಿಯೋ ಕಿವಿಗೆ ಮಾತ್ರ ಇರಲಿ, ಬಸ್ಸಿನಲ್ಲಿ ಕೇಳುವುದಕ್ಕೆ.

ಹಣಕಾಸಿನ ಪದಗಳಿಗೆ ಅಂತ ಈಗ ನಾವು ರೂಮ್‌ಮೇಟ್‌ನ ಸೋದರಮಾವನನ್ನು ಹಿಡಿದಿದ್ದೇವೆ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಅವರದು. ಹರಾಜಿನ ದಿನ ಆವಕ ಜಾಸ್ತಿಯಾಗಿ ರೇಟು ಬಿದ್ದದ್ದನ್ನು ಒಂದು ಸಂಜೆ ಪೂರ್ತಿ ಹೇಳಿದರು. ಮಾಲು ಅತಿಯಾಗಿ ಬರುವುದು ‘ಗ್ಲಟ್’, ಬೆಲೆ ಧಡಕ್ಕನೆ ಬೀಳುವುದು ‘ಪ್ಲಮೆಟ್’, ಚೌಕಾಸಿ ಮಾಡುವುದು ‘ಹ್ಯಾಗಲ್’, ಮೂರು ಸಿಕ್ಕಿವೆ. ಬೆಂಬಲ ಬೆಲೆಯ ಖರೀದಿ ಕೇಂದ್ರದ ಕಥೆ ಇನ್ನೂ ಬಾಕಿ ಇದೆ, ಬರುವ ಭಾನುವಾರಕ್ಕೆ.