ಕ್ಯಾರವಾನ್ ಮಟ್ಟ ಮಾಡಲು ಯಾವುದು ವಾಸಿ: ರ‍್ಯಾಂಪೋ, ಗಾಳಿಚೀಲವೋ, ಹಲಗೆಯೋ?

ಕ್ಯಾರವಾನ್ ಅಂದರೆ ಕಾರಿನ ಹಿಂದೆ ಸಿಕ್ಕಿಸಿ ಎಳೆಯುವ ಮನೆಯಂಥ ಗಾಡಿ. ಅದು ವಾಲಿ ನಿಂತಾಗ ಒಳಗೆ ದೋಸೆ ಹುಯ್ದು ನೋಡಿ. ಹಿಟ್ಟೆಲ್ಲ ಕಾವಲಿಯ ಒಂದೇ ಕಡೆಗೆ ಹರಿಯುತ್ತದೆ. ಗ್ಯಾಸ್‌ನಲ್ಲೂ ಕರೆಂಟ್‌ನಲ್ಲೂ ನಡೆಯುವ ಫ್ರಿಜ್‌ಗೂ ಅಷ್ಟೇ, ಜಾಸ್ತಿ ವಾಲಿದರೆ ಸರಿಯಾಗಿ ತಂಪಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಕ್ಯಾರವಾನ್ ಕೊಂಡ ಮೇಲೆ ಈ ಮೂರನ್ನೂ ಬಳಸಿ ನೋಡಿದೆ.

ಮೊದಲು ಪ್ಲಾಸ್ಟಿಕ್ ರ‍್ಯಾಂಪ್. ತಗ್ಗಿನ ಕಡೆಯ ಚಕ್ರದ ಮುಂದಿಟ್ಟು ಕಾರಿನಿಂದ ಎಳೆಯಬೇಕು. ಹೊರಗೆ ರಸಮಟ್ಟ ನೋಡುತ್ತಿದ್ದ ಹೆಂಡತಿ "ಸಾಕು ರೀ" ಅನ್ನುವಷ್ಟರಲ್ಲಿ ಚಕ್ರ ಆಚೆ ದಾಟಿ ಧೊಪ್ಪನೆ ಬಿತ್ತು. ಕಾರ್‌ಪಾರ್ಕಿನಂಥ ಗಟ್ಟಿ ನೆಲದಲ್ಲಿ ಪರವಾಗಿಲ್ಲ. ವೇಲ್ಸ್‌ನ ಒದ್ದೆ ಹುಲ್ಲಿನ ಮೇಲೆ ಮಾತ್ರ ಜಾರುತ್ತದೆ.

ಗಾಳಿಚೀಲದ್ದು ಬೇರೆ ಕಥೆ. ಚಕ್ರದ ಕೆಳಗೆ ತೂರಿಸಿ, ಸಣ್ಣ 12 ವೋಲ್ಟ್ ಪಂಪ್ ಹಾಕಿದರೆ ಗಾಡಿ ನಿಧಾನವಾಗಿ ಏಳುತ್ತದೆ. ಬೆರಳಷ್ಟು ಎತ್ತರವನ್ನೂ ಸರಿಹೊಂದಿಸಬಹುದು, ಕೂಗಾಟ ಇಲ್ಲ. ಆದರೆ ಬೆಲೆ ಜಾಸ್ತಿ. ಚಳಿ ಬಿದ್ದ ರಾತ್ರಿ ಗಾಳಿ ಕುಗ್ಗಿ, ಬೆಳಿಗ್ಗೆ ನಮ್ಮದು ಸ್ವಲ್ಪ ಕುಸಿದಿತ್ತು.

ಕೊನೆಗೆ ನಾನು ನೆಚ್ಚಿಕೊಂಡಿದ್ದು ಮರದ ಹಲಗೆ. ಒಂದರ ಮೇಲೊಂದು, ಮೆಟ್ಟಿಲ ಹಾಗೆ ಜೋಡಿಸಿದ ಮೂರು ದಪ್ಪ ತುಂಡು. ಅಗಲ ಇರುವುದರಿಂದ ಹಸಿ ನೆಲದಲ್ಲೂ ಹೂತುಹೋಗುವುದಿಲ್ಲ. ಭಾರ ಇದೆ ಅನ್ನೋದೊಂದೇ ತಕರಾರು.

ಯಾವುದಾದರೂ ಸರಿ, ಕ್ರಮ ಮಾತ್ರ ತಪ್ಪಬಾರದು. ಕಾರಿಗೆ ಸಿಕ್ಕಿಸಿರುವಾಗಲೇ ಎಡಬಲ ಮಟ್ಟ ಮಾಡಿ. ಆಮೇಲೆ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ನಮ್ಮ ಘಾಟಿಗಳಲ್ಲಿ ಲಾರಿ ಕ್ಲೀನರ್ ಇಳಿದು ಕಲ್ಲು ಕೊಡುವ ಹಾಗೆ ಚಕ್ರಗಳಿಗೆ ಅಡ್ಡ ಕೊಡಿ. ಹಿಮ್ಮುಖ ಇಳಿಜಾರಿನಲ್ಲಿ ಕ್ಯಾರವಾನ್ ಬ್ರೇಕ್ ಹಿಡಿಯುವ ಮುನ್ನ ಒಂದಿಷ್ಟು ಹಿಂದೆ ಸರಿಯಬಹುದು, ಆಗ ಈ ಅಡ್ಡವೇ ಕಾಯುವುದು. ಇಷ್ಟಾದ ಮೇಲೇ ಕಾರಿನಿಂದ ಬಿಡಿಸಿ, ಮುಂದಿನ ಪುಟ್ಟ ಜಾಕಿ ಚಕ್ರ ತಿರುಗಿಸಿ ಹಿಂದುಮುಂದು ಮಟ್ಟ ಮಾಡಬೇಕು. ನಾಲ್ಕು ಮೂಲೆಯ ಕಾಲುಗಳು ಕಡೆಗೆ. ಅವು ಗಾಡಿ ಅಲ್ಲಾಡದಂತೆ ಹಿಡಿಯಲಿಕ್ಕೆ, ಎತ್ತಲಿಕ್ಕಲ್ಲ. ಮೊದಲ ಸಲ ನಾನು ಎತ್ತಲು ಹೋಗಿ ಒಂದು ಕಾಲು ಬಗ್ಗಿಸಿಕೊಂಡೆ. ಅದು ಇವತ್ತಿಗೂ ಸೊಟ್ಟಗೇ ಇದೆ.