ಜಾಝ್ ಕ್ರುಸೇಡರ್ಸ್: ಕೊಳ್ಳಬೇಕಾದದ್ದು ಮೊದಲ ಆಲ್ಬಂಗಳನ್ನೇ

‘ಸ್ಟ್ರೀಟ್ ಲೈಫ್’ (1979) ಹಾಡಿನಿಂದ ಅಮೆರಿಕದ ಕ್ರುಸೇಡರ್ಸ್ ತಂಡದ ಹೆಸರು ತಿಳಿದವರು ಬಹಳ ಮಂದಿ. ಅದೇ ತಂಡ ಹೆಸರಿನಿಂದ ‘ಜಾಝ್’ ಕೈಬಿಟ್ಟದ್ದು 1971ರಲ್ಲಿ. ಅದಕ್ಕೂ ಮೊದಲು ಪೆಸಿಫಿಕ್ ಜಾಝ್ ಎಂಬ ರೆಕಾರ್ಡ್ ಕಂಪನಿಗೆ ಅವರು ನುಡಿಸಿಕೊಟ್ಟ ಆಲ್ಬಂಗಳೇ ಅವರ ನಿಜವಾದ ಆಸ್ತಿ.

ಶುರು ಮಾಡಬೇಕಾದದ್ದು 1961ರ ‘ಫ್ರೀಡಂ ಸೌಂಡ್’ನಿಂದ. ವಿಲ್ಟನ್ ಫೆಲ್ಡರ್ (ಟೆನರ್ ಸ್ಯಾಕ್ಸೊಫೋನ್), ವೇಯ್ನ್ ಹೆಂಡರ್ಸನ್ (ಟ್ರಾಂಬೋನ್), ಜೋ ಸ್ಯಾಂಪಲ್ (ಪಿಯಾನೊ), ಸ್ಟಿಕ್ಸ್ ಹೂಪರ್ (ಡ್ರಮ್ಸ್) ನಾಲ್ವರೂ ಟೆಕ್ಸಾಸ್‌ನ ಹ್ಯೂಸ್ಟನ್‌ನಿಂದ ಲಾಸ್ ಏಂಜಲೀಸ್‌ಗೆ ಬಂದವರು. ಹುಡುಗರಿದ್ದಾಗಿನಿಂದ ಜೊತೆಗೆ ನುಡಿಸಿದವರ ಹೊಂದಾಣಿಕೆ ಮೊದಲ ಟ್ರ್ಯಾಕ್ ‘ದಿ ಗೀಕ್’ನಲ್ಲೇ ಕೇಳುತ್ತದೆ.

ಆ ಕಾಲದ ಹಾರ್ಡ್ ಬಾಪ್ (ಬ್ಲೂಸ್ ಛಾಯೆಯ ಜಾಝ್ ಶೈಲಿ) ತಂಡಗಳಲ್ಲಿ ಸಾಮಾನ್ಯವಾಗಿ ಮುಂದೆ ನಿಲ್ಲುತ್ತಿದ್ದದ್ದು ಟ್ರಂಪೆಟ್ ಮತ್ತು ಟೆನರ್. ಇಲ್ಲಿ ಟ್ರಂಪೆಟ್ಟಿನ ಜಾಗದಲ್ಲಿ ಟ್ರಾಂಬೋನ್. ಟೆನರ್‌ನ ಅತಿ ಕೆಳಗಿನ ಸ್ವರ ಸುಮಾರು 104 ಹರ್ಟ್ಝ್, ಟ್ರಾಂಬೋನಿನದು ಸಾಮಾನ್ಯವಾಗಿ 82ರ ಆಸುಪಾಸು. ಹೀಗೆ ವ್ಯಾಪ್ತಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಇಬ್ಬರೂ ಒಂದೇ ಸ್ವರ ಹಿಡಿದಾಗ ಮೂರನೆಯದೇ ವಾದ್ಯವೊಂದು ಹುಟ್ಟಿದಂತಿರುತ್ತದೆ. ಸ್ವರದ ಆರಂಭಕ್ಕೆ ಕಿವಿಗೊಡಿ: ಚುರುಕಾಗಿ ಕಚ್ಚುವುದು ರೀಡ್ (ಊದಿದಾಗ ಕಂಪಿಸುವ ತೆಳು ಪಟ್ಟಿ) ಇರುವ ಟೆನರ್, ಅದರ ಹಿಂದೆಯೇ ದುಂಡಗೆ ತುಂಬಿಕೊಳ್ಳುವುದು ಟ್ರಾಂಬೋನ್. ಕದ್ರಿ ಗೋಪಾಲನಾಥರ ಆಲ್ಟೊ ಸ್ಯಾಕ್ಸೊಫೋನಿಗೆ ಒಗ್ಗಿದ ಕಿವಿಗೆ ಫೆಲ್ಡರ್ ನಾದ ಮೊದಮೊದಲು ಒರಟೆನಿಸಬಹುದು. ಆ ಒರಟುತನ ಟೆಕ್ಸಾಸ್ ಬ್ಲೂಸ್‌ನ ಬಳುವಳಿ, ಇಡೀ ತಂಡದ ಜೀವ ಇರುವುದು ಅದರಲ್ಲೇ.

ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಇದನ್ನು ಕೇಳಬೇಡಿ. ಕೆಳಗಿನ ಸ್ವರಗಳು ಕತ್ತರಿಸಿಹೋಗಿ ಜಿಮ್ಮಿ ಬಾಂಡ್‌ರ ಬೇಸ್ ಮಾಯವಾಗುತ್ತದೆ. ಬೇಸ್ ಬೂಸ್ಟ್ ಹಾಕಿದರೆ ಇನ್ನೊಂದು ತೊಂದರೆ: ಟೆನರ್, ಟ್ರಾಂಬೋನ್, ಪಿಯಾನೊದ ಎಡಗೈ ಮೂರೂ ಕಲಸಿಹೋಗುತ್ತವೆ. ಈಕ್ವಲೈಜರ್ ಆಫ್ ಇರಲಿ. ಆಗಲೂ ಮಬ್ಬೆನಿಸಿದರೆ 250 ಹರ್ಟ್ಝ್ ಹತ್ತಿರ 2–3 ಡೆಸಿಬಲ್ ಇಳಿಸಿದರೆ ಸಾಕು.

ಶೀರ್ಷಿಕೆ ಟ್ರ್ಯಾಕ್ ‘ಫ್ರೀಡಂ ಸೌಂಡ್’ ಸ್ಯಾಂಪಲ್ ರಚನೆ. ಹೂಪರ್ ಸ್ನೇರ್ ಡ್ರಮ್ಮಿನ ಮೇಲೆ ಹಿಡಿಯುವ ಕವಾಯತಿನ ನಡೆಯ ಮೇಲೆ ಅದು ನಿಂತಿದೆ. ಅಮೆರಿಕದ ಕರಿಯರ ಹಕ್ಕಿನ ಹೋರಾಟ ಕಾವೇರಿದ್ದ ವರ್ಷ ಅದು. ಹೆಸರನ್ನು ಸುಮ್ಮನೆ ಇಟ್ಟಿರಲಾರರು. ‘ಎಕ್ಸೋಡಸ್’ ಸಿನಿಮಾದ ಧಾಟಿ ಮಾತ್ರ ಆಲ್ಬಮ್ಮಿನ ಸಪ್ಪೆ ಭಾಗ. ರಾಯ್ ಗೇಯ್ನ್ಸ್‌ರ ಗಿಟಾರ್ ಇನ್ನಷ್ಟು ಇರಬೇಕಿತ್ತು.

ಎರಡನೆಯದಾಗಿ 1962ರ ‘ಲುಕಿನ್ ಅಹೆಡ್’ ತೆಗೆದುಕೊಳ್ಳಿ. ಹೆಂಡರ್ಸನ್ ಬರೆದ ‘ದಿ ಯಂಗ್ ರ‍್ಯಾಬಿಟ್ಸ್’ ಒಂದಕ್ಕೇ ಕೊಟ್ಟ ದುಡ್ಡು ವಸೂಲಿ. ಸ್ಲೈಡ್ ಎಳೆಯಬೇಕಾದ ಟ್ರಾಂಬೋನಿಗೆ ಆ ವೇಗ ಬಲು ಕಷ್ಟ, ಆದರೂ ಒಂದು ಸ್ವರವೂ ಜಾರುವುದಿಲ್ಲ.

ಹುಡುಕುವಾಗ ಎಚ್ಚರ: ಇದೇ ಹೆಸರಿನಡಿ 1990ರ ದಶಕದ ಆಲ್ಬಂಗಳೂ ಬರುತ್ತವೆ, ಆ ಸದ್ದೇ ಬೇರೆ. ಪೆಸಿಫಿಕ್ ಜಾಝ್ ಲೇಬಲ್, 1960ರ ದಶಕದ ಇಸವಿ ಎರಡನ್ನೂ ನೋಡಿ. ‘ಲೈಟ್‌ಹೌಸ್’ (ಕ್ಯಾಲಿಫೋರ್ನಿಯದ ಒಂದು ಜಾಝ್ ಕ್ಲಬ್) ಹೆಸರಿನ ಲೈವ್ ಆಲ್ಬಂಗಳೂ ಹಲವು. ತಂಡಕ್ಕೆ ಖಾಯಂ ಬೇಸ್ ವಾದಕರಿರಲಿಲ್ಲವಾದ್ದರಿಂದ ಒಂದೊಂದರ ನಡೆಯೂ ಬೇರೆ: 1962ರಲ್ಲಿ ವಿಕ್ಟರ್ ಗ್ಯಾಸ್ಕಿನ್, 66ರಲ್ಲಿ ಲೆರಾಯ್ ವಿನೆಗರ್, 68ರಲ್ಲಿ ಬಸ್ಟರ್ ವಿಲಿಯಮ್ಸ್. ಒಂದನ್ನೇ ಕೊಳ್ಳುವುದಾದರೆ ವಿನೆಗರ್ ಇರುವುದನ್ನು ಆರಿಸಿ. ಅವರ ನೇರವಾದ, ಗಟ್ಟಿ ಹೆಜ್ಜೆಯ ಬೇಸ್ ಹೂಪರ್ ತಾಳಕ್ಕೆ ಚೆನ್ನಾಗಿ ಕೂಡುತ್ತದೆ.